ಬೀಜದ ಹೋರಿಯ ಪ್ರಶ್ನೆ: ತುಮಕೂರು ಸೀಮೆಯ ಒಂದು ಸಮೀಕ್ಷೆ

ಒಂದು ಸೀಮೆಯ ಬೇಸಾಯದ ಸ್ಥಿತಿಗತಿಯನ್ನು ಅರಿಯಬಯಸುವವರು ಮಳೆಯ ಲೆಕ್ಕವನ್ನು ಕೇಳುತ್ತಾರೆ, ಕೆರೆಗಳ ಸಂಖ್ಯೆಯನ್ನು ಕೇಳುತ್ತಾರೆ, ರಾಗಿಯ ಇಳುವರಿಯನ್ನೂ ತೆಂಗಿನ ಧಾರಣೆಯನ್ನೂ ವಿಚಾರಿಸುತ್ತಾರೆ. ಆದರೆ ಆ ಸೀಮೆಯ ಹಸು ಬೆದೆಗೆ ಬಂದ ಮುಂಜಾನೆ ರೈತನು ಅದನ್ನು ಯಾವ ಹಟ್ಟಿಯ ಕಡೆಗೆ ಹೊಡೆದುಕೊಂಡು ಹೋಗುತ್ತಾನೆ, ಅಲ್ಲಿ ಅವನಿಗೆ ದೊರೆಯುವ ಹೋರಿ ಎಂತಹುದು, ಆ ಹೋರಿಯನ್ನು ಸಾಕುವ ಭಾರ ಯಾರ ಮೇಲಿದೆ ಎಂದು ಕೇಳುವವರು ವಿರಳ. ಹಸುವಿನ ಬೆದೆ 21 ದಿನಗಳಿಗೊಮ್ಮೆ ಬರತಕ್ಕದ್ದು. ಬಂದರೂ 12ರಿಂದ 18 ಗಂಟೆಗಳಲ್ಲಿ ಇಳಿದುಹೋಗತಕ್ಕದ್ದು. ಆ ಅಲ್ಪಾವಧಿಯಲ್ಲಿ ಕೈಗೆಟುಕಿದ ಹೋರಿಯೇ ಒಂಬತ್ತು ತಿಂಗಳು ಕಳೆದು ಹುಟ್ಟುವ ಕರುವಿನ ಮೈಕಟ್ಟನ್ನೂ ಹಾಲನ್ನೂ ಗುಣವನ್ನೂ ಅರೆಪಾಲು ನಿರ್ಣಯಿಸುವುದರಿಂದ, ಬೀಜದ ಹೋರಿಯ ವಿಚಾರವು ಪಶುವೈದ್ಯರ ಕಚೇರಿಗೆ ಮಾತ್ರ ಸೇರಿದ ಸಣ್ಣ ವಿಚಾರವಲ್ಲ. ಅದು ಊರಿನ ಸಮಸ್ತರ ಸ್ವತ್ತಿಗೆ ಸಂಬಂಧಿಸಿದ ದೊಡ್ಡ ವಿಚಾರ.

ಈ ಸಮೀಕ್ಷೆಗೆ ತುಮಕೂರು ಜಿಲ್ಲೆಯನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ಸರ್ಕಾರವು ಹಳ್ಳಿಕಾರ್ ತಳಿಯನ್ನು ಸಾಕುವ ಕುಣಿಕೇನಹಳ್ಳಿಯ ಕ್ಷೇತ್ರ ಇಲ್ಲಿಯ ತುರುವೇಕೆರೆ ತಾಲ್ಲೂಕಿನಲ್ಲಿದೆ. ಹಾಗಲವಾಡಿ ದನಗಳಿಗೆ ಹೆಸರು ಕೊಟ್ಟ ಹಾಗಲವಾಡಿ ಗುಬ್ಬಿ ತಾಲ್ಲೂಕಿನಲ್ಲಿದೆ. ಶಿವರಾತ್ರಿಯ ಸಮಯದಲ್ಲಿ ನೆರೆಯುವ ಸಿದ್ಧಗಂಗೆಯ ದನಗಳ ಜಾತ್ರೆ ತುಮಕೂರು ಪಟ್ಟಣದ ಮಗ್ಗುಲಲ್ಲಿಯೇ ನಡೆಯುತ್ತದೆ. ಇದೇ ಜಿಲ್ಲೆಯ ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಮ್ಮೂ ಇದೆ. ಆದರೆ ಕುಣಿಗಲ್ಲಿನ ಗಂಡುಕುದುರೆಗಳ ಸಂತತಿ ಮೊದಲು ದಂಡಿಗೆ ಹೋಯಿತು, ಆಮೇಲೆ ಜೂಜಿನ ಬಯಲಿಗೆ ಹೋಯಿತು, ನೇಗಿಲಿಗೆ ಬರಲಿಲ್ಲ. ಸ್ಕಾಟ್ಲೆಂಡಿನ ಒಕ್ಕಲಿಗನಿಗೆ ಉಳುವ ಕುದುರೆ ಏನಾಗಿದ್ದಿತೋ ಅದು ನಮ್ಮ ಒಕ್ಕಲಿಗನಿಗೆ ಎತ್ತು. ಆದುದರಿಂದ ಅಲ್ಲಿ ಬೀಜಕ್ಕಾಗಿ ಊರೂರು ತಿರುಗುತ್ತಿದ್ದ ಗಂಡುಕುದುರೆಯ ಸ್ಥಾನದಲ್ಲಿ ಇಲ್ಲಿ ನಾವು ಕಾಣಬೇಕಾದುದು ಹೋರಿಯನ್ನೇ.

ಹೋರಿಯನ್ನು ಸಾಕುವ ಭಾರವು ನಮ್ಮ ನಾಡಿನಲ್ಲಿ ಕೈಯಿಂದ ಕೈಗೆ ದಾಟಿಬಂದಿದೆ; ಭಾರ ಹೊತ್ತವರು ಬದಲಾದಂತೆಲ್ಲ ತಳಿಯ ಉದ್ದೇಶವೂ ಬದಲಾಗಿದೆ. ಹಳೆಯದೆಂದರೆ ದೇವರ ಬಸವನ ಪದ್ಧತಿ. ಸತ್ತವರ ಹನ್ನೊಂದನೆಯ ದಿನದ ವೃಷೋತ್ಸರ್ಗದಲ್ಲಿಯೋ, ಹೊತ್ತ ಹರಕೆಗೋ, ಮೈಮೇಲೆ ಮುದ್ರೆಯೊತ್ತಿ ಊರ ಮೇಲೆ ಬಿಟ್ಟ ಗೂಳಿಯನ್ನು ಯಾರೂ ಕಟ್ಟುತ್ತಿರಲಿಲ್ಲ, ಯಾರೂ ಹೊಡೆಯುತ್ತಿರಲಿಲ್ಲ. ಅದು ಬೇಲಿ ಹಾರಿ ರಾಗಿಯ ಹೊಲಕ್ಕೆ ನುಗ್ಗಿದರೂ ಒಕ್ಕಲಗಿತ್ತಿ ಕೈಮುಗಿದು ಅಟ್ಟುತ್ತಿದ್ದಳೇ ಹೊರತು ಕೋಲೆತ್ತುತ್ತಿರಲಿಲ್ಲ. ಹೀಗೆ ಊರೆಲ್ಲ ಸೇರಿ ಮೇಯಿಸಿದ ಗೂಳಿ ಊರ ಹಸುಗಳಿಗೆಲ್ಲ ಸಲ್ಲುತ್ತಿದ್ದಿತು. ಶಿರಾ, ಪಾವಗಡಗಳ ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿಯೂ ಚಿತ್ರದುರ್ಗದ ಮ್ಯಾಸನಾಯಕರ ಹಟ್ಟಿಗಳಲ್ಲಿಯೂ ಈ ಭಾವನೆ ಇನ್ನಷ್ಟು ಗಾಢವಾಗಿತ್ತು; ಜುಂಜಪ್ಪನನ್ನು ಪೂಜಿಸುವ ಜನಕ್ಕೆ ದನವೆಂದರೆ ಕೇವಲ ಆಸ್ತಿಯಲ್ಲ. ಈ ಪದ್ಧತಿಯನ್ನು ಮೌಢ್ಯವೆಂದು ತಳ್ಳಿಹಾಕಿದ ಅಧಿಕಾರಿಗಳು ಅದರ ಒಳಗಿದ್ದ ವಿವೇಕವನ್ನು ಕಾಣಲಿಲ್ಲವೆಂದೇ ನನ್ನ ಅಭಿಪ್ರಾಯ: ಗಂಡನ್ನು ಸಾಕುವ ವೆಚ್ಚವನ್ನು ಒಬ್ಬನ ಮೇಲೆ ಹೊರಿಸದೆ ಊರಿನ ಮೇಲೆ ಹಂಚಿದುದೇ ಆ ವಿವೇಕ. ದೋಷವೂ ಇಲ್ಲದಿರಲಿಲ್ಲ. ದಾನ ಕೊಡುವವನ ಭಕ್ತಿ ದೊಡ್ಡದಿದ್ದಾಗ ಒಳ್ಳೆಯ ಕರು ಬಸವನಾಗುತ್ತಿತ್ತು. ಭಕ್ತಿ ಸವೆದ ಕಾಲಕ್ಕೆ ಯಾವುದಕ್ಕೂ ಬಾರದ ಬಡಕಲು ಕರುವನ್ನು ದೇವರ ಹೆಸರಿನಲ್ಲಿ ಕೈಬಿಡುವ ಚಾಳಿ ಬೆಳೆಯಿತು.

ಎರಡನೆಯ ಕೈ ಅರಮನೆಯದು. ವಿಜಯನಗರದ ಪ್ರತಿನಿಧಿಗಳು ಶ್ರೀರಂಗಪಟ್ಟಣಕ್ಕೆ ತಂದ ಹಳ್ಳಿಕಾರ್ ಹಸುಗಳನ್ನು ಮೂಲವಾಗಿರಿಸಿಕೊಂಡು ಬೆಳೆದ ಹಿಂಡಿಗೆ ಚಿಕ್ಕದೇವರಾಜ ಒಡೆಯರು ಬೆಣ್ಣೆ ಚಾವಡಿಯೆಂಬ ವ್ಯವಸ್ಥೆಯನ್ನು ಕಲ್ಪಿಸಿದರು; ಟಿಪ್ಪು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. ಹೈದರನು ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ ನೂರು ಮೈಲಿ ಸಾಗಿದನೆಂಬ ಖ್ಯಾತಿಯ ಹಿಂದೆ ಇದ್ದುದು ಈ ಎತ್ತುಗಳ ಕಾಲು. 1799ರ ತರುವಾಯ ಆಂಗ್ಲರ ದಂಡೂ ಇವುಗಳನ್ನೇ ನೆಚ್ಚಿತು. ಆದರೆ 1860ರಲ್ಲಿ ಮದರಾಸಿನ ಗವರ್ನರಾಗಿದ್ದ ಸರ್ ಚಾರ್ಲ್ಸ್ ಟ್ರೆವೆಲ್ಯನ್ನನು ವೆಚ್ಚ ತಗ್ಗಿಸುವ ನೆಪದಲ್ಲಿ ಈ ಹಿಂಡನ್ನು ಒಡೆದು ಮಾರಿಸಿದನು; ಅದರಲ್ಲಿ ಎಷ್ಟೋ ಒಳ್ಳೆಯ ದನ ಈಜಿಪ್ಟಿನ ಪಾಷಾನ ಪಾಲಾಯಿತು. ದಂಡಿಗೆ ಎತ್ತುಗಳೇ ಸಿಗದಂತಾದ ಮೇಲೆ ಆರೇಳು ವರ್ಷಗಳೊಳಗೆ ಅದೇ ಸರ್ಕಾರ ಉಳಿದಳಿದುದನ್ನು ಹುಡುಕಿ ಮರಳಿ ಹಿಂಡು ಕಟ್ಟಬೇಕಾಯಿತು. ತಳಿಯನ್ನು ಒಡೆಯುವುದಕ್ಕೆ ಒಂದು ಆಜ್ಞೆ ಸಾಕು, ಕಟ್ಟುವುದಕ್ಕೆ ದನಗಳ ತಲೆಮಾರುಗಳೇ ಬೇಕೆಂಬುದು ಆಗಲೇ ತಿಳಿಯಬೇಕಾಗಿತ್ತು. 1882ರಲ್ಲಿ ಅಮೃತ ಮಹಲ್ ಇಲಾಖೆ ಮೈಸೂರು ದರ್ಬಾರಿನ ವಶಕ್ಕೆ ಬಂದಿತು. 1923ರಲ್ಲಿ ವ್ಯವಸಾಯ ಇಲಾಖೆಗೆ ಸೇರಿತು. ದಂಡಿನ ಅಗತ್ಯ ತೀರಿದ ಮೇಲೆ ಕಾವಲಿನಲ್ಲಿ, ಎಂದರೆ ಈ ಹಿಂಡಿಗೆ ಮೀಸಲಾದ ಹುಲ್ಲುಗಾವಲಿನಲ್ಲಿ, ಬೆಳೆದ ಹೋರಿ ರೈತನ ಹೋರಿಯಾಗುವ ಅವಕಾಶ ಒದಗಿತ್ತು. ಅದು ಕೊಂಚಮಟ್ಟಿಗೆ ಆಯಿತು, ಪೂರ್ತಿಯಾಗಿ ಆಗಲಿಲ್ಲ. ಏಕೆಂದರೆ ಕಾವಲುಗಳೇ ಕರಗತೊಡಗಿದವು. 20ನೆಯ ಶತಮಾನದ ಆದಿಯಲ್ಲಿ ನಾಲ್ಕು ಲಕ್ಷ ಎಕರೆ ಮೀರಿದ್ದ ಅಮೃತ ಮಹಲ್ ಕಾವಲಿನ ವಿಸ್ತಾರ ಇಂದು ಒಂದು ಲಕ್ಷವನ್ನೂ ಮುಟ್ಟುವುದಿಲ್ಲ. ಚಳ್ಳಕೆರೆಯ ಕಾವಲು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ನಮ್ಮ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನ 615 ಎಕರೆಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. ಕಾರ್ಖಾನೆ ಬೇಡವೆಂದು ನಾನು ಹೇಳುವವನಲ್ಲ. ಆದರೆ ಹುಲ್ಲಿನ ಬಯಲು ಹೋದ ಮೇಲೆ ಹೋರಿಯ ವಿಷಯವಾಗಿ ಆಡುವ ಹೊಗಳಿಕೆಯ ಮಾತಿಗೆ ತೂಕವಿರುವುದಿಲ್ಲ.

ಮೂರನೆಯದು ರೈತನ ಕೈ. ಈ ಪ್ರಶ್ನೆಯ ತಿರುಳಿರುವುದು ಇಲ್ಲಿಯೇ ಆದುದರಿಂದ ಸ್ವಲ್ಪ ನಿಂತು ನೋಡಬೇಕು.

ಸಿದ್ಧಗಂಗೆಯ ಜಾತ್ರೆಯಲ್ಲಿ ಚಪ್ಪರದ ನೆರಳಿಗೆ ಕಟ್ಟಿದ ಹೋರಿಯ ಮುಂದೆ ಕೊಳ್ಳುವವನು ನಿಂತಾಗ ಅವನ ಕಣ್ಣು ಮೊದಲು ಹೋಗುವುದು ಕೋಡಿನ ಬುಡಕ್ಕೆ. ಹಳ್ಳಿಕಾರಿನ ಕೋಡುಗಳು ನೆತ್ತಿಯ ಮೇಲೆ ಒಂದಕ್ಕೊಂದು ಹತ್ತಿರದಲ್ಲಿ ಹುಟ್ಟಿ, ಹಿಂದಕ್ಕೆ ಬಾಗಿ, ಮೇಲಕ್ಕೆ ನೀಳವಾಗಿ ಎದ್ದು ತುದಿಯಲ್ಲಿ ಚೂಪಾಗಬೇಕು; ಹಣೆ ಉಬ್ಬಿರಬೇಕು, ಆ ಉಬ್ಬಿನ ನಡುವೆ ಒಂದು ತೋಡು ಇಳಿದಿರಬೇಕು; ಮೂತಿ ಸಣ್ಣದಿರಬೇಕು. ಬೂದು ಮೈಯ ಮೇಲೆ ಮುಂದೊಡೆಗೂ ಹಿಂದೊಡೆಗೂ ಕಪ್ಪು ಛಾಯೆ ಹತ್ತಿದ್ದರೆ ಗಂಡಸುತನದ ಲಕ್ಷಣವೆಂದು ಎಣಿಸುತ್ತಾರೆ. ಗಂಗೆದೊಗಲು ಜೋಲಾಡಬಾರದು, ಹೊಕ್ಕುಳ ಬಳಿಯ ತೊಗಲೂ ಮೈಗೆ ಅಂಟಿದಂತಿರಬೇಕು, ಇಲ್ಲವಾದರೆ ಮುಳ್ಳಿನ ಬಯಲಿನಲ್ಲಿ ಗಾಯವಾಗುತ್ತದೆ. ಆಮೇಲೆ ಅವನು ತುಟಿ ಎತ್ತಿ ಹಲ್ಲು ನೋಡುತ್ತಾನೆ, ಬೆನ್ನಿನ ಮೇಲೆ ಅಂಗೈಯಾಡಿಸಿ ಸುಳಿ ಹುಡುಕುತ್ತಾನೆ, ಗೊರಸಿನ ಸಂದನ್ನು ಬಗ್ಗಿ ನೋಡುತ್ತಾನೆ, ಹತ್ತು ಹೆಜ್ಜೆ ನಡೆಸಿ ಹಿಂಗಾಲು ಮುಂಗಾಲಿನ ಜಾಡಿಗೆ ಬೀಳುವುದೋ ಇಲ್ಲವೋ ಎಂದು ಪರೀಕ್ಷಿಸುತ್ತಾನೆ. ಬೆಲೆ ಮಾತ್ರ ಬಾಯಿಂದ ಹೊರಡುವುದಿಲ್ಲ. ಟವೆಲಿನ ಮರೆಯಲ್ಲಿ ದಲ್ಲಾಳಿಯ ಬೆರಳುಗಳು ಆ ಕೆಲಸವನ್ನು ಮುಗಿಸುತ್ತವೆ. ಸುಳಿಯ ಶಾಸ್ತ್ರದಲ್ಲಿ ನನಗೆ ನಂಬಿಕೆಯಿಲ್ಲ. ಉಳಿದುದೆಲ್ಲವೂ ತಲೆತಲಾಂತರದ ಅನುಭವದಿಂದ ಇಳಿದುಬಂದ ಜ್ಞಾನ, ಇದನ್ನು ಬಲ್ಲವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿರುವುದು ನಾಡಿನ ನಷ್ಟ.

ಆದರೆ ಈ ಜ್ಞಾನವೇ ತಳಿಗೆ ತಿರುಗಿಬೀಳುವ ಒಂದು ಗಂಟು ಇಲ್ಲಿದೆ. ಕೊಳ್ಳುವವನು ಇಷ್ಟು ಪರೀಕ್ಷೆ ಮಾಡಿ ಆರಿಸುವುದು ಬೀಜಕ್ಕಾಗಿ ಅಲ್ಲ, ನೊಗಕ್ಕಾಗಿ. ಹಟ್ಟಿಯಲ್ಲಿ ಹುಟ್ಟಿದ ಗಂಡುಕರುಗಳಲ್ಲಿ ಯಾವುದು ಉತ್ತಮವೋ ಅದಕ್ಕೇ ಜೋಡಿ ಹುಡುಕುತ್ತಾರೆ, ಅದಕ್ಕೇ ಹುರುಳಿ ಬೇಯಿಸಿ ಹಾಕುತ್ತಾರೆ, ಅದೇ ದೂರದ ಸೀಮೆಯ ಇಲ್ಲವೇ ತಮಿಳುನಾಡಿನ ವ್ಯಾಪಾರಿಯ ಕೈಗೆ ಹೋಗಿ ಬೀಜ ಒಡೆಸಿಕೊಂಡು ಎತ್ತಾಗುತ್ತದೆ. ಎರಡು ಹಲ್ಲಿನ ಪ್ರಾಯದಲ್ಲಿ, ಮಾರುವುದಕ್ಕೆ ಮೊದಲಿನ ಒಂದೆರಡು ವರ್ಷಗಳಲ್ಲಿ, ಊರಿನ ಹಸುಗಳಿಗೆ ಅದು ಸಲ್ಲುವುದುಂಟು. ಆದರೆ ಅದರ ಕರುಗಳು ಬೆಳೆದು ತಮ್ಮ ಗುಣ ತೋರಿಸುವ ಹೊತ್ತಿಗೆ ಅಪ್ಪ ಎಲ್ಲಿಯೋ ದೂರದ ಹೊಲದಲ್ಲಿ ಕುಂಟೆ ಎಳೆಯುತ್ತಿರುತ್ತದೆ. ಒಳ್ಳೆಯದೆಂದು ತಿಳಿಯುವ ವೇಳೆಗೆ ಅದು ಇರುವುದಿಲ್ಲ, ಇದ್ದರೂ ಬೀಜವಿರುವುದಿಲ್ಲ. ಯಾರೂ ಕೊಳ್ಳದೆ ಉಳಿದ ಕರು ಹಿಂಡಿನಲ್ಲಿ ಉಳಿದು ತಂದೆಯಾಗುತ್ತದೆ. ಮಾರುಕಟ್ಟೆಯು ಉತ್ತಮವನ್ನು ಹೆರಕಿ ಹೊರಗೆ ಸಾಗಿಸಿ ಅಧಮವನ್ನು ಸಂತಾನಕ್ಕೆ ಬಿಡುವ ಈ ವಿಪರೀತವನ್ನು ಯಾವ ಯೋಜನೆಯೂ ಬುಡಸಹಿತ ಮುಟ್ಟಿದುದನ್ನು ನಾನು ಕಾಣೆ. ಇದರ ನಡುವೆಯೂ ಅಲ್ಲೊಬ್ಬ ಇಲ್ಲೊಬ್ಬ ರೈತ, ಮನೆತನದ ಮರ್ಯಾದೆಗಾಗಿ, ಎಂಟು ಹಲ್ಲು ಮೂಡಿ ಬಾಯಿಗೂಡಿದ ಮೇಲೂ ಬೀಜದ ಹೋರಿಯನ್ನು ಉಳಿಸಿಕೊಂಡುದರಿಂದಲೇ ಹಳ್ಳಿಕಾರ್ ಇಂದಿಗೂ ಹಳ್ಳಿಕಾರಾಗಿದೆ. ಅಂಥವನ ಮನೆಯಲ್ಲಿ ಹಿಂಡಿ, ಹತ್ತಿಬೀಜ, ಹುರುಳಿ ನುಚ್ಚು, ರಾಗಿ ಹುಲ್ಲು ಇವುಗಳ ವೆಚ್ಚ ಮನೆಮಂದಿಯ ಊಟದ ವೆಚ್ಚಕ್ಕೆ ಸಮನಾಗಿ ನಿಲ್ಲುತ್ತದೆ. ಹಸು ಹೊಡೆದುಕೊಂಡು ಬಂದ ನೆರೆಯವನಿಂದ ಹಣ ಕೇಳುವುದಕ್ಕೆ ಅವನಿಗೆ ನಾಚಿಕೆ, ಕೊಡದೆ ಹೋಗುವುದಕ್ಕೆ ನೆರೆಯವನಿಗೆ ಅಭ್ಯಾಸ.

ನಾಲ್ಕನೆಯ ಕೈ ಸರ್ಕಾರದ್ದು. 1926ರಿಂದ 28ರವರೆಗೆ ಕೆಲಸ ಮಾಡಿದ ರಾಯಲ್ ವ್ಯವಸಾಯ ಆಯೋಗವು ಭರತಖಂಡದಲ್ಲಿ ದನ ಕ್ಷೀಣಿಸಿದಷ್ಟೂ ರೈತ ಹೆಚ್ಚು ದನ ಸಾಕುತ್ತಾನೆ, ಹೆಚ್ಚು ಸಾಕಿದಷ್ಟೂ ಅವು ಮತ್ತೂ ಕ್ಷೀಣಿಸುತ್ತವೆ ಎಂಬ ವಿಷವರ್ತುಲವನ್ನು ಎತ್ತಿ ತೋರಿಸಿತು. ಮುಂಬಯಿ ಪ್ರಾಂತದಲ್ಲಿ 1933ರಲ್ಲಿ ಬಂದ ಪಶು ಸುಧಾರಣಾ ಶಾಸನವು ಅಪ್ಪಣೆಯಿಲ್ಲದ ಹೋರಿಯ ಬೀಜ ಒಡೆಸುವ ಅಧಿಕಾರವನ್ನು ಕೊಟ್ಟಿತು. ಏಕೀಕರಣದ ತರುವಾಯ 1961ರಲ್ಲಿ ಮೈಸೂರು ರಾಜ್ಯವೂ ಇಂತಹುದೇ ಶಾಸನ ಮಾಡಿತು. ಇಂಗ್ಲೆಂಡಿನಲ್ಲಿ ಇದಕ್ಕೂ ಮೊದಲು, 1918ರಲ್ಲಿ, ಊರೂರು ತಿರುಗುವ ಗಂಡುಕುದುರೆಗೆ ಪರವಾನಗಿ ಬೇಕೆಂದು ಕಾನೂನಾಗಿತ್ತು. ರೋಗವುಳ್ಳ ಕುದುರೆಗೆ ಪರವಾನಗಿ ಸಿಗುತ್ತಿರಲಿಲ್ಲ. ಅಲ್ಲಿ ಅದು ನಡೆಯಿತು, ಇಲ್ಲಿ ನಡೆಯಲಿಲ್ಲ. ಬೀಜ ಒಡೆಯುವ ಬರ್ಡಿಜೋ ಇಕ್ಕಳ ಹಿಡಿದು ಊರಿಗೆ ಬಂದ ನೌಕರನಿಗೆ ದೇವರ ಬಸವನನ್ನು ಮುಟ್ಟುವ ಧೈರ್ಯವಿರಲಿಲ್ಲ. ಇದ್ದ ಗಂಡಿನ ಬೀಜ ಒಡೆದು ಬದಲಿಗೆ ಒಳ್ಳೆಯದನ್ನು ತಂದು ಕಟ್ಟುವ ಸಾಮರ್ಥ್ಯ ಇಲಾಖೆಗಿರಲಿಲ್ಲ. ಮೊದಲನೆಯ ಪಂಚವಾರ್ಷಿಕ ಯೋಜನೆಯಲ್ಲಿ ಬಂದ ಕೀ ವಿಲೇಜ್ ಯೋಜನೆ ಹಾದಿಯನ್ನು ಸರಿಯಾಗಿಯೇ ಹಿಡಿದಿತ್ತು: ಆಯ್ದ ಹಳ್ಳಿಗಳಲ್ಲಿ ಕಳಪೆ ಗಂಡುಗಳನ್ನು ತೆಗೆದು, ವಂಶ ತಿಳಿದ ಹೋರಿಗಳನ್ನಿಟ್ಟು, ಹುಟ್ಟಿದ ಕರುಗಳನ್ನು ಬರೆದಿಡುವುದು. ಆ ಬರೆದಿಡುವ ಕೆಲಸ ಮುಂದುವರಿದಿದ್ದರೆ ಇಂದು ನಮ್ಮ ಬಳಿ ಹಳ್ಳಿಕಾರಿನ ಹಲವು ತಲೆಮಾರುಗಳ ವಂಶಾವಳಿ ಇರುತ್ತಿತ್ತು.

ಅಷ್ಟರಲ್ಲಿ ಹೋರಿಯೇ ಬೇಡವೆನಿಸುವ ವಿದ್ಯೆ ಬಂದಿತು. ಭಾರತದಲ್ಲಿ ಅದರ ಮೊದಲ ಪ್ರಯೋಗ ನಡೆದುದು ನಮ್ಮ ನಾಡಿನಲ್ಲಿಯೇ ಎಂಬುದನ್ನು ಅಭಿಮಾನದಿಂದ ನೆನೆಯಬೇಕು. 1939ರಲ್ಲಿ ಮೈಸೂರಿನ ಅರಮನೆಯ ಡೈರಿ ಫಾರಮ್ಮಿನಲ್ಲಿ ಡಾ. ಸಂಪತ್ ಕುಮಾರನ್ ಅವರು ಹಾಲ್‌ಸ್ಟೀನ್ ಫ್ರೀಷಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ಸೇರಿಸಿ 33 ಹಸುಗಳನ್ನು ಗಬ್ಬ ನಿಲ್ಲಿಸಿದರು. ಭಾರತದಲ್ಲಿ ಕೃತಕ ಗರ್ಭಧಾರಣೆಯ ಆರಂಭ ಅದು. ಮುಂದೆ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ವೀರ್ಯವನ್ನು ಘನೀಕರಿಸಿಡುವ ಕೇಂದ್ರ ಬೆಳೆಯಿತು. 1967ರಲ್ಲಿ ಮಣಿಭಾಯಿ ದೇಸಾಯಿಯವರು ಪುಣೆಯ ಬಳಿಯ ಉರುಳಿಕಾಂಚನದಲ್ಲಿ ಸ್ಥಾಪಿಸಿದ ಬೈಫ್ ಸಂಸ್ಥೆ ತಿಪಟೂರಿಗೂ ಬಂದು ರೈತನ ಮನೆಬಾಗಿಲಲ್ಲಿಯೇ ಆ ಸೇವೆಯನ್ನು ಕೊಟ್ಟಿತು. ಸೊನ್ನೆಗಿಂತ 196 ಡಿಗ್ರಿ ಕೆಳಗಿನ ದ್ರವ ಸಾರಜನಕದಲ್ಲಿ ಮುಳುಗಿದ ಕಡ್ಡಿಯೊಂದರಲ್ಲಿ ಕಾಲು ಮಿಲಿಲೀಟರ್ ವೀರ್ಯ. ಹೋರಿ ಸತ್ತ ಮೇಲೂ ಅದು ಜೀವಂತ. ಕಟ್ಟಿ ಸಾಕಿದ ಹೋರಿ ವರ್ಷಕ್ಕೆ ಅರವತ್ತು ಎಪ್ಪತ್ತು ಹಸುಗಳಿಗೆ ಸಲ್ಲಬಹುದು. ಕಡ್ಡಿಗೆ ಇಳಿದ ಹೋರಿ ಸಾವಿರಾರು ಹಸುಗಳಿಗೆ ಸಲ್ಲುತ್ತದೆ.

ಇದರಿಂದಾದ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಒಂದು ಕರುವಿನ ಮೇಲೆ ಐನೂರು ಆರುನೂರು ಲೀಟರು ಹಾಲು ಕೊಟ್ಟು ಬತ್ತುವ ಹಳ್ಳಿಕಾರ್ ಹಸುವಿನ ಹಟ್ಟಿಗೆ ಅದರ ಎಷ್ಟೋ ಪಟ್ಟು ಕರೆಯುವ ಸೀಮೆಹಸು ಬಂದುದರಿಂದ, ತಿಪಟೂರು, ತುರುವೇಕೆರೆಗಳ ಎಷ್ಟೋ ಬಡ ಮನೆಗಳಲ್ಲಿ ಡೈರಿಯ ವಾರದ ಬಟವಾಡೆಯೇ ಮಕ್ಕಳ ಓದಿಗೂ ಮದುವೆಗೂ ಆಧಾರವಾಯಿತು. ವಿಧವೆಯೊಬ್ಬಳು ಎರಡು ಹಸು ಕಟ್ಟಿ ಸಂಸಾರ ಸಾಗಿಸುವುದು ಸಾಧ್ಯವಾಯಿತು. ಬಾವಿಯ ನೀರಿದ್ದು ಹಸಿರು ಮೇವು ಬೆಳೆಯಬಲ್ಲ ಕಡೆ ಈ ವಿದ್ಯೆ ವರವೇ ಸರಿ. ಆದರೆ ಶಿರಾ, ಪಾವಗಡ, ಮಧುಗಿರಿಗಳ ಬಿರುಬಿಸಿಲಿನಲ್ಲಿ, ಮೇವಿಲ್ಲದ ಚೈತ್ರ ವೈಶಾಖಗಳಲ್ಲಿ, ಅದೇ ಕಡ್ಡಿಯಿಂದ ಹುಟ್ಟಿದ ಮಿಶ್ರತಳಿಯ ಹಸು ಏದುಸಿರು ಬಿಡುತ್ತ ಹಾಲು ಇಳಿಸಿಕೊಂಡು ಔಷಧಿಯ ಅಂಗಡಿಗೆ ಸಾಲ ಮಾಡಿಸುತ್ತದೆ. ಅದರ ಗಂಡುಕರುವಿಗೆ ಹಿಣಿಲಿಲ್ಲದುದರಿಂದ ನೊಗ ನಿಲ್ಲುವುದಿಲ್ಲ, ಟ್ರಾಕ್ಟರ್ ಬಂದ ಮೇಲೆ ಅದನ್ನು ಕೇಳುವವರೂ ಇಲ್ಲ. ಇದಕ್ಕಿಂತ ಗಂಭೀರವಾದ ಕೊರತೆ ಇನ್ನೊಂದಿದೆ. ಹಸುವಿಗೆ ಇಂಜೆಕ್ಷನ್ ಹಾಕಿಸಿದ ರೈತನಿಗೆ ಆ ಹೋರಿ ಯಾವುದೆಂಬುದೇ ತಿಳಿಯದು. ಕಡ್ಡಿಯ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ, ಆದರೆ ಕೆಲಸ ಮುಗಿದೊಡನೆ ಕಡ್ಡಿ ಕಸಕ್ಕೆ ಹೋಗುತ್ತದೆ. ಎರಡು ಮೂರು ವರ್ಷ ಕಳೆದು ಅದರ ಮಗಳು ಕಡಸಾಗಿ ಬೆದೆಗೆ ಬಂದಾಗ ಅದೇ ಹೋರಿಯ ಕಡ್ಡಿಯನ್ನೇ ಹಾಕಿದರೂ ಯಾರಿಗೂ ಅರಿವಾಗುವುದಿಲ್ಲ. ಹಳೆಯ ಕಾಲದ ರೈತ ಬಸವನನ್ನು ಕಣ್ಣಾರೆ ಕಂಡು, ಅದರ ತಾಯಿಯನ್ನು ಬಲ್ಲವನಾಗಿ, ಬೇಡವಾದರೆ ನೆರೆಯೂರಿಗೆ ಹಸುವನ್ನು ಹೊಡೆಯುತ್ತಿದ್ದನು, ಆಯ್ಕೆ ಅವನದಾಗಿತ್ತು. ಆ ಆಯ್ಕೆ ಈಗ ಪಾತ್ರೆಯಲ್ಲಿ ಉಳಿದ ಕಡ್ಡಿಯದು.

ಇತ್ತೀಚಿನ ವರ್ಷಗಳಲ್ಲಿ ನಾಟಿ ಹೋರಿಗೆ ಮತ್ತೆ ಗೌರವ ಬಂದಿದೆ. 2021ರ ನವೆಂಬರಿನಲ್ಲಿ ಬೆಂಗಳೂರಿನ ಕೃಷಿ ಮೇಳಕ್ಕೆ ಮಳವಳ್ಳಿಯ ಕಡೆಯಿಂದ ಬಂದ ಕೃಷ್ಣನೆಂಬ ಹಳ್ಳಿಕಾರ್ ಹೋರಿಗೆ ಒಂದು ಕೋಟಿ ರೂಪಾಯಿಯ ಬೆಲೆ ಕೇಳಿಬಂದಿತು. ಅದರ ವೀರ್ಯದ ಒಂದು ಕಡ್ಡಿಗೆ ಸಾವಿರ ರೂಪಾಯಿ ಎಂದು ಪತ್ರಿಕೆಗಳು ಬರೆದವು. ಇಂತಹ ಸುದ್ದಿಯಿಂದ ಎಳೆಯರಲ್ಲಿ ಉತ್ಸಾಹ ಹುಟ್ಟುವುದು ಸಂತೋಷವೇ; ಜಾತ್ರೆಯಲ್ಲಿ ಹೋರಿಯ ಹಗ್ಗ ಹಿಡಿದ ಇಪ್ಪತ್ತು ವರ್ಷದ ಹುಡುಗರನ್ನು ಕಂಡಾಗ ತಳಿಯ ಭವಿಷ್ಯದ ಬಗ್ಗೆ ನನ್ನ ಮನಸ್ಸಿಗೆ ಧೈರ್ಯ ಬರುತ್ತದೆ. ಆದರೆ ಹೆಸರು ಮಾಡಿದ ಒಂದೇ ಹೋರಿಯ ಬೆನ್ನು ಹತ್ತುವುದರಲ್ಲಿ ಅಪಾಯವೂ ಇದೆ. ಸ್ಕಾಟ್ಲೆಂಡಿನ ಕ್ಲೈಡ್ಸ್‌ಡೇಲ್ ಕುದುರೆಯ ಚರಿತ್ರೆ ಇದನ್ನು ತೋರಿಸುತ್ತದೆ. 1911ರಲ್ಲಿ ಏರ್ ಪಟ್ಟಣದ ಹರಾಜಿನಲ್ಲಿ ಬ್ಯಾರನ್ ಆಫ್ ಬುಖ್ಲೈವಿ ಎಂಬ ಗಂಡುಕುದುರೆ 9,500 ಪೌಂಡಿಗೆ ಮಾರಾಟವಾಯಿತು; ಅದರ ಅಸ್ಥಿಪಂಜರ ಇಂದಿಗೂ ಗ್ಲಾಸ್ಗೋ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಕೆಲವೇ ಪ್ರಸಿದ್ಧ ಗಂಡುಗಳ ರಕ್ತವೇ ತಳಿಯಲ್ಲೆಲ್ಲ ಹರಡಿದ ಮೇಲೆ, ಹೊಲದ ಕುದುರೆಗಳ ಸಂಖ್ಯೆ ಕುಸಿದ ಕಾಲದಲ್ಲಿ, ಅದನ್ನು ಉಳಿಸಿಕೊಳ್ಳುವುದೇ ಆ ಜನಕ್ಕೆ ಕಷ್ಟವಾಯಿತು.

ಅದೇ ಸ್ಕಾಟ್ಲೆಂಡಿನಿಂದ ನಾವು ಕಲಿಯಬೇಕಾದ ಒಳ್ಳೆಯದೂ ಒಂದುಂಟು. ಅಲ್ಲಿಯ ಒಂದೊಂದು ಸೀಮೆಯ ರೈತರು ಸಂಘ ಕಟ್ಟಿಕೊಂಡು, ಪ್ರದರ್ಶನಕ್ಕೆ ಹೋಗಿ ಗಂಡುಕುದುರೆಯೊಂದನ್ನು ಆರಿಸಿ, ಇಷ್ಟು ಹೆಣ್ಣುಗಳನ್ನು ತರುತ್ತೇವೆಂದು ಮಾತು ಕೊಟ್ಟು, ಆ ಹಂಗಾಮಿಗೆ ಅದನ್ನು ಬಾಡಿಗೆಗೆ ತರುತ್ತಿದ್ದರು. ಹಣದ ಒಂದು ಭಾಗವನ್ನು ಮೊದಲೇ ಕೊಡುತ್ತಿದ್ದರು, ಉಳಿದುದನ್ನು ಹೆಣ್ಣು ಗಬ್ಬವಾದುದು ಖಚಿತವಾದ ಮೇಲೆ. ಕುದುರೆಯೊಡೆಯನಿಗೆ ಆದಾಯ ಗೊತ್ತಾಗಿರುತ್ತಿತ್ತು, ರೈತನಿಗೆ ಗಂಡು ಗೊತ್ತಿರುತ್ತಿತ್ತು, ಮುಂದಿನ ವರ್ಷ ಬೇರೆ ಗಂಡನ್ನು ತರುವ ಸ್ವಾತಂತ್ರ್ಯವೂ ಉಳಿಯುತ್ತಿತ್ತು.

ತುಮಕೂರು ಸೀಮೆಗೆ ಈ ಕ್ರಮ ಒಗ್ಗುತ್ತದೆ, ಅದಕ್ಕೆ ಬೇಕಾದ ಸಾಮಗ್ರಿ ಚದುರಿ ಬಿದ್ದಿದೆ ಅಷ್ಟೆ. ಊರೂರಿನಲ್ಲಿ ಹಾಲಿನ ಸಂಘವಿದೆ. ಅದರ ಬಟವಾಡೆಯಿಂದ ಅಲ್ಪ ಮೊತ್ತವನ್ನು ಮುರಿದುಕೊಂಡರೆ ಹೋಬಳಿಗೊಂದು ಹಳ್ಳಿಕಾರ್ ಹೋರಿಯನ್ನು ಸಾಕುವ ರೈತನಿಗೆ ತಿಂಗಳ ಮೇವಿನ ವೆಚ್ಚ ಕೊಡಬಹುದು, ಅವನು ನೆರೆಯವನ ಮುಂದೆ ಕೈಚಾಚುವ ಸಂಕೋಚವೂ ತಪ್ಪುತ್ತದೆ. ಹೋರಿಯನ್ನು ಆರಿಸುವ ಕೆಲಸ ಕುಣಿಕೇನಹಳ್ಳಿಯ ಕ್ಷೇತ್ರದವರೂ ಜಾತ್ರೆಯ ಹಳೆಯ ಪರೀಕ್ಷಕರೂ ಜೊತೆಗೂಡಿ ಮಾಡತಕ್ಕದ್ದು: ಒಬ್ಬರು ರಕ್ತದ ಪರೀಕ್ಷೆ ಮಾಡಲಿ, ಮತ್ತೊಬ್ಬರು ಗೊರಸಿನ ಸಂದನ್ನು ನೋಡಲಿ. ಹೋರಿ ಬಂದು ಮೂರು ವರ್ಷ ತುಂಬಿದೊಡನೆ, ಅದರ ಮಗಳು ಕಡಸಾಗುವುದಕ್ಕೆ ಮುನ್ನ, ಗುಬ್ಬಿಯ ಹೋರಿ ಕೊರಟಗೆರೆಗೆ, ಕೊರಟಗೆರೆಯ ಹೋರಿ ಚಿಕ್ಕನಾಯಕನಹಳ್ಳಿಗೆ ಬದಲಾಗಬೇಕು. ಬದಲಾಗುವ ಮುನ್ನ ಅದರ ವೀರ್ಯದ ಕೆಲವು ನೂರು ಕಡ್ಡಿಗಳನ್ನು ತೆಗೆದಿರಿಸಿದರೆ, ಅದರ ಕರುಗಳು ದೊಡ್ಡವಾಗಿ ಗುಣ ತೋರಿಸಿದಾಗ ಮತ್ತೆ ಬಳಸಬಹುದು. ನೊಗಕ್ಕೆ ಹೋಗುವ ಹೋರಿಯ ಬೀಜ ಒಡೆಸುವುದಕ್ಕೆ ಮೊದಲೂ ಇದೇ ಕೆಲಸವಾದರೆ, ಮಾರುಕಟ್ಟೆ ಉತ್ತಮವನ್ನು ಒಯ್ದರೂ ಅದರ ಸಂತಾನಶಕ್ತಿ ನಮ್ಮಲ್ಲಿ ಉಳಿಯುತ್ತದೆ. ಇನ್ನು ದಾಖಲೆಯ ಮಾತು: ಡೈರಿಯಲ್ಲಿ ಹಾಲಿನ ಲೆಕ್ಕ ಬರೆಯುವ ಕಾರ್ಯದರ್ಶಿಯ ಮೇಜಿನ ಮೇಲೆಯೇ ಇನ್ನೊಂದು ಪುಸ್ತಕವಿರಲಿ; ಅದರಲ್ಲಿ ಹಸುವಿನ ಕಿವಿಯೋಲೆಯ ಸಂಖ್ಯೆ, ಬೆದೆಗೆ ಬಂದ ದಿನ, ಹೋರಿಯ ಇಲ್ಲವೇ ಕಡ್ಡಿಯ ಸಂಖ್ಯೆ, ಕರು ಹಾಕಿದ ದಿನ, ಕರು ಗಂಡೋ ಹೆಣ್ಣೋ ಎಂಬ ಐದು ಅಂಕಣಗಳಿದ್ದರೆ ಸಾಕು.